ನಂಜಪ್ಪ ಹೇಳಿಕೊಟ್ಟ ಜಪಾನಿ

ನನ್ನ ಬಾಯಿ ಒಳ್ಳೆಯದಲ್ಲ ಎಂದು ಬೇಲೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವರನ್ನು ಕೇಳುವ ಕಷ್ಟವೇಕೆ, ನಾನೇ ಹೇಳುತ್ತೇನೆ. ಕೋಪ ನನಗೆ ಮೂಗಿನ ತುದಿಯಲ್ಲೇ ಕೂತಿರುತ್ತದೆ. ಬಂತೆಂದರೆ ಎದುರಿಗಿರುವವರು ಹಿರಿಯರೋ ಕಿರಿಯರೋ ನೋಡುವುದಿಲ್ಲ. ನಮ್ಮವರು, ಅನಂತಸ್ವಾಮಿಗಳು, ದೇವಸ್ಥಾನದ ಗೋಷ್ಠಿಯಲ್ಲಿ ಪಾಶುರ, ಅಂದರೆ ಆಳ್ವಾರರ ತಮಿಳು ಹಾಡು, ಹೇಳುವವರು. ಊರಿಗೆಲ್ಲ ಕೇಳುವ ಕಂಠ ಅವರದು. ಮನೆಯೊಳಗೆ ಮಾತ್ರ ಆ ಕಂಠವನ್ನು ಕೇಳಿದವರು ಯಾರೂ ಇಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ನನ್ನನ್ನು ಕೇಳದೆ ಒಂದು ನಿರ್ಧಾರ ಹೇಳಿದ್ದು ಎಣಿಸಿ ನಾಲ್ಕು ಸಲ.

ಇಂಥ ಬಾಯಿಯವಳು ಐವತ್ತೊಂಬತ್ತನೇ ಇಸವಿಯಲ್ಲಿ ಒಂದು ಕಾಗದ ಬರೆದೆ. ನಮಗಿದ್ದವನು ಒಬ್ಬನೇ ಮಗ, ವರದರಾಜ. ಸರ್ಕಾರದ ಸ್ಕಾಲರ್‌ಷಿಪ್ಪಿನ ಮೇಲೆ ಪಿಂಗಾಣಿ ಮಾಡುವ ವಿದ್ಯೆ ಕಲಿಯಲು ಜಪಾನಿಗೆ ಹೋಗಿದ್ದ. ಎರಡು ವರ್ಷ ಆಗುವುದರೊಳಗೆ ಅಲ್ಲೇ ಸಚಿಕೊ ಎನ್ನುವ ಹುಡುಗಿಯನ್ನು ಮದುವೆಯಾಗಿದ್ದೇನೆ, ಆಶೀರ್ವಾದ ಮಾಡಿ ಎಂದು ಬರೆದ. ಮದುವೆಯಾಗುತ್ತೇನೆ ಎಂದಲ್ಲ, ಆಗಿದ್ದೇನೆ ಎಂದು. ಪಿತ್ತ ನೆತ್ತಿಗೇರಿತು ನನಗೆ. ನಮ್ಮವರು ದೇವಸ್ಥಾನದಿಂದ ಬರುವುದರೊಳಗೆ ಬರೆದು, ಅಂಟಿಸಿ, ನಾನೇ ಹೋಗಿ ಅಂಚೆ ಡಬ್ಬಕ್ಕೆ ಹಾಕಿ ಬಂದೆ. ‘ಆ ಹುಡುಗಿ ನನ್ನ ಹೊಸಲು ತುಳಿಯಕೂಡದು. ತುಳಿದ ದಿನ ಆ ಮನೆಯಲ್ಲಿ ನಾನಿರುವುದಿಲ್ಲ.’ ಅಷ್ಟೇ ಬರೆದದ್ದು. ಕ್ಷೇಮ ಸಮಾಚಾರ ಕೂಡ ಕೇಳಲಿಲ್ಲ.

ಅಲ್ಲಿಂದ ಮುಂದೆ ವರದನ ಕಾಗದಗಳು ಅವರಪ್ಪನ ಹೆಸರಿಗೆ ಬರತೊಡಗಿದವು, ಐದೈದೇ ಸಾಲು. ನನ್ನ ಹೆಸರು ಕೊನೆಯಲ್ಲಿ, ಅಮ್ಮನಿಗೆ ನಮಸ್ಕಾರ ಎಂದು. ನಾನೂ ಹಟ ಬಿಡಲಿಲ್ಲ. ಹಬ್ಬದ ದಿನ ಒಬ್ಬಟ್ಟು ಬೇಯಿಸುವಾಗ ಹೊಗೆಯ ನೆಪ ಮಾಡಿಕೊಂಡು ಅತ್ತೆ. ಕೇಳಿದವರಿಗೆ ಸೌದೆ ಹಸಿ ಎಂದೆ.

ಅರವತ್ತನೇ ಇಸವಿ ದಸರೆ ಮುಗಿದ ವಾರ ಒಂದು ಕಾಗದ ಬಂತು, ನನ್ನ ಹೆಸರಿಗೇ. ಫೆಬ್ರವರಿಯಲ್ಲಿ ಹತ್ತು ದಿನಕ್ಕೆ ಬರುತ್ತಿದ್ದಾರಂತೆ. ಇಳಿದುಕೊಳ್ಳುವುದು ಟ್ರಾವೆಲರ್ಸ್ ಬಂಗಲೆಯಲ್ಲಂತೆ. ‘ಅಮ್ಮ, ನಿನ್ನ ಕಾಗದವನ್ನು ಸಚಿಕೊಗೆ ಓದಿ ಅರ್ಥ ಹೇಳಿದ್ದೇನೆ. ಅವಳ ಹತ್ತಿರ ನಾನು ಏನನ್ನೂ ಮುಚ್ಚಿಡುವುದಿಲ್ಲ. ಅವಳು ನಿನ್ನ ಹೊಸಲು ತುಳಿಯುವುದಿಲ್ಲ, ಹೆದರಬೇಡ. ಹೊರಗೆ ನಿಂತು ನಿನಗೊಂದು ನಮಸ್ಕಾರ ಮಾಡಿ ಹೋಗುತ್ತಾಳಂತೆ.’

ಹೆದರಬೇಡ ಎನ್ನುವ ಒಂದು ಮಾತು ನನ್ನನ್ನು ಸುಟ್ಟು ಹಾಕಿತು. ಇಷ್ಟು ದಿನ ನನ್ನ ಕಾಗದ ನನ್ನ ಮಗನಿಗೆ ಮಾತ್ರ ತಲುಪಿದೆ, ತಾಯಿ ಮಗನ ಜಗಳ, ಇವತ್ತಲ್ಲ ನಾಳೆ ಸರಿಹೋಗುತ್ತದೆ ಎಂದುಕೊಂಡಿದ್ದೆ. ಎಲ್ಲಿಯೋ ಸಮುದ್ರದಾಚೆ ಒಂದು ಹೆಣ್ಣುಮಗು ಕೂತು ಕೇಳಿಸಿಕೊಂಡಿದೆ, ಕೇಳಿಸಿಕೊಂಡೂ ನಮಸ್ಕಾರ ಮಾಡಿ ಹೋಗುತ್ತೇನೆ ಎಂದಿದೆ ಎನ್ನುವುದು ಆ ದಿನ ಗೊತ್ತಾಯಿತು. ನಾನೂ ಒಬ್ಬರ ಮನೆಗೆ ಸೊಸೆಯಾಗಿ ಬಂದವಳೇ. ಮೇಲುಕೋಟೆಯಿಂದ ಬಂದ ದಿನ ನಮ್ಮತ್ತೆ ಬಾಗಿಲಲ್ಲಿ ನಿಂತು, ಬಾಮ್ಮ, ಹಸಿವಾಗಿದೆಯಾ ಎಂದಿದ್ದರು. ಅವರ ಬಾಯಲ್ಲಿ ಬಂದ ಮಾತು ಎಂಥದು, ನನ್ನ ಬಾಯಲ್ಲಿ ಬಂದದ್ದು ಎಂಥದು.

ಎರಡು ದಿನ ಯೋಚಿಸಿ, ಮೂರನೆಯ ದಿನ ನಮ್ಮವರಿಗೆ ಹೇಳಿದೆ. ಆ ಹುಡುಗಿ ಬಾಗಿಲಿಗೆ ಬಂದಾಗ ಬಾ, ಕೂತುಕೋ, ಊಟ ಮಾಡು ಎಂದು ನಾನೇ ಅವಳ ಭಾಷೆಯಲ್ಲಿ ಹೇಳಬೇಕು. ವರದ ಇದ್ದಾನಲ್ಲ, ನೀನು ಕನ್ನಡದಲ್ಲಿ ಹೇಳು, ಅವನು ತಿಳಿಸುತ್ತಾನೆ ಎಂದರು ಅವರು. ಬೇಡ ಎಂದೆ. ಹೊಸಲು ತುಳಿಯಬೇಡ ಎಂದ ಮಾತನ್ನು ಅವನ ಬಾಯಿಂದ ಕೇಳಿದ್ದಾಳೆ, ಬಾ ಎನ್ನುವುದನ್ನೂ ಅವನ ಬಾಯಿಂದಲೇ ಕೇಳಿದರೆ ಅವನೇ ಸೇರಿಸಿ ಹೇಳಿದನೇನೋ ಎಂದುಕೊಳ್ಳುತ್ತಾಳೆ. ನನ್ನ ಬಾಯಿ ಕೆಡಿಸಿದ್ದನ್ನು ನನ್ನ ಬಾಯೇ ಸರಿ ಮಾಡಬೇಕು.

ಸರಿ, ಹೇಳಿಕೊಡುವವರು ಯಾರು? ಹೈಸ್ಕೂಲಿನ ಹೆಡ್‌ಮಾಸ್ತರಿಗೆ ಇಂಗ್ಲಿಷ್ ಬರುತ್ತಿತ್ತು. ಡಾಕ್ಟರಿಗೆ ಹಿಂದಿ ಬರುತ್ತಿತ್ತು. ಜಪಾನಿ ಎಂದರೆ ಇಬ್ಬರೂ ನಕ್ಕರು.

ಹಳೇಬೀಡಿನ ಆಚೆ, ಜಾವಗಲ್ ದಾರಿಯಲ್ಲಿ ನಮ್ಮದೊಂದು ತೆಂಗಿನ ತೋಟವಿತ್ತು. ನೋಡಿಕೊಳ್ಳುತ್ತಿದ್ದವನು ನಂಜಪ್ಪ. ಸುಮಾರು ನಲವತ್ತು ವರ್ಷದ, ಒಣಕಲು ಮೈಯ, ಮಾತು ಕಡಿಮೆಯ ಮನುಷ್ಯ. ಚಿಕ್ಕಂದಿನಲ್ಲಿ ಮಿಲಿಟರಿ ಸೇರಿ ಯುದ್ಧದ ಕಾಲದಲ್ಲಿ ಸಿಂಗಪುರದ ಕಡೆ ಹೋಗಿದ್ದನಂತೆ. ನಾಲ್ಕೈದು ವರ್ಷ ಪತ್ತೆಯಿಲ್ಲದೆ, ಸತ್ತನೆಂದು ಮನೆಯವರು ತಿಥಿ ಮಾಡಿದ ಮೇಲೆ ಬಂದನಂತೆ. ನಮಗೆ ಗೊತ್ತಿದ್ದದ್ದು ಅಷ್ಟೇ. ತಿಂಗಳಿಗೊಮ್ಮೆ ಗಾಡಿಯಲ್ಲಿ ಕಾಯಿ ತಂದು ಹಿತ್ತಲಿನಲ್ಲಿ ಎಣಿಸಿ ಹಾಕುತ್ತಿದ್ದ. ಕೈಗೆ ಎರಡೆರಡು ಕಾಯಿ ಹಿಡಿದು ಎಸೆಯುತ್ತ ಎಣಿಸುವುದು, ಹತ್ತಾದರೆ ಒಂದು ಕಾಯಿಯನ್ನು ಗುರುತಿಗೆ ಪಕ್ಕಕ್ಕಿಡುವುದು. ತುಟಿಯೊಳಗೇ ಎಣಿಸುತ್ತಿದ್ದ. ಇಚಿ, ನಿ, ಸನ್, ಶಿ. ಅದು ಅರಸೀಕೆರೆಯ ಕಾಯಿ ಮಂಡಿಯವರ ಗುಟ್ಟಿನ ಲೆಕ್ಕವಿರಬೇಕು ಎಂದು ಹತ್ತು ವರ್ಷ ತಿಳಿದಿದ್ದೆ.

ಆ ತಿಂಗಳು ಕಾಯಿ ಎಣಿಸುವಾಗ ನಾನು ಅಲ್ಲೇ ಹಪ್ಪಳ ಒಣಗಿಸುತ್ತ ಕೂತಿದ್ದೆ. ವರದ ಹೋದ ಹೊಸದರಲ್ಲಿ, ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೆ ಮುಂಚೆ, ಒಂದು ಕಾಗದದಲ್ಲಿ ತಮಾಷೆಗೆ ಅಲ್ಲಿಯ ಒಂದು ಎರಡು ಬರೆದು ಕಳಿಸಿದ್ದ. ತಟ್ಟನೆ ಅದು ನೆನಪಾಯಿತು. ನಂಜಪ್ಪ, ನೀನು ಎಣಿಸುತ್ತಿರುವುದು ಜಪಾನಿಯಲ್ಲವೇನೋ ಎಂದೆ. ಅವನ ಕೈಯಲ್ಲಿದ್ದ ಎರಡು ಕಾಯಿ ಅಲ್ಲೇ ನಿಂತವು. ತಾನು ಬಾಯಿಬಿಟ್ಟು ಎಣಿಸುತ್ತಿದ್ದೇನೆ ಎಂದೇ ಅವನಿಗೆ ಗೊತ್ತಿರಲಿಲ್ಲ.

ಸಿಂಗಪುರದಲ್ಲಿ ಜಪಾನಿನವರ ಕೈಗೆ ಸಿಕ್ಕಿ, ಆಮೇಲೆ ಯಾವುದೋ ದ್ವೀಪದಲ್ಲಿ ಮೂರು ವರ್ಷ ಇದ್ದೆ ಎಂದ. ಅವರ ಮಾತು ಬರುತ್ತದೋ ಎಂದು ಕೇಳಿದೆ. ಸ್ವಲ್ಪ ಬರುತ್ತದೆ ಎಂದ. ಹೇಳಿಕೊಡು ಎಂದೆ.

“ಅದು ಒಳ್ಳೆ ಮಾತಲ್ಲ ಅಮ್ಮಾವ್ರೆ. ಬಿಟ್‌ಬುಡಿ.”

ನಾಚಿಕೊಳ್ಳುತ್ತಿದ್ದಾನೆ ಎಂದುಕೊಂಡೆ ನಾನು. ಒಕ್ಕಲುತನದವನು, ಪಾಶುರ ಹೇಳುವವರ ಮನೆಯಲ್ಲಿ ಪಾಠ ಹೇಳಲು ಹಿಂಜರಿಯುತ್ತಿದ್ದಾನೆ ಎಂದು. ಎಲ್ಲ ಮಾತೂ ಒಳ್ಳೆಯದೇ, ಗುರುವಾರ ಗುರುವಾರ ಬಾ ಎಂದೆ. ತೋಟದ ಒಡತಿ ಹೇಳಿದ ಮೇಲೆ ಅವನು ಆಗುವುದಿಲ್ಲ ಎನ್ನುವುದು ಹೇಗೆ? ಅದು ಆಗ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ, ನಿಜ ಹೇಳುತ್ತೇನೆ, ಕರೆಯುತ್ತಿದ್ದೆ. ಫೆಬ್ರವರಿ ಹತ್ತಿರ ಬರುತ್ತಿತ್ತು.

ನಾನು ಕಲಿತದ್ದು ನನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ. ಮೇಲುಕೋಟೆಯಲ್ಲಿ ನಮ್ಮ ತಂದೆ ನನಗೆ ಪಾಶುರಗಳನ್ನು ಸಂಥೆ ಹೇಳಿಕೊಟ್ಟಿದ್ದರು. ಸಂಥೆ ಎಂದರೆ ಗುರು ಒಂದು ಸಲ ಹೇಳುವುದು, ಶಿಷ್ಯ ಎರಡು ಸಲ ಹೇಳುವುದು. ಗುರುವಿನ ಸ್ವರ ಎಲ್ಲಿ ಏರಿತೋ ಅಲ್ಲೇ ಏರಬೇಕು, ಎಲ್ಲಿ ಕಡಿಯಿತೋ ಅಲ್ಲೇ ಕಡಿಯಬೇಕು. ಕೂದಲೆಳೆಯಷ್ಟು ಬದಲಾದರೂ ತಲೆಗೊಂದು ಮೊಟಕು. ಅರ್ಥ ಆಮೇಲಿನ ಮಾತು. ಹಾಗೆ ಕಲಿತದ್ದು ಈ ವಯಸ್ಸಿನಲ್ಲೂ ಒಂದಕ್ಷರ ಆಚೀಚೆ ಆಗಿಲ್ಲ.

ಗುರುವಾರ ನಾನು ಜಗಲಿಯ ಮೇಲೆ ಕೂರುತ್ತಿದ್ದೆ. ನಂಜಪ್ಪ ಅಂಗಳದಲ್ಲಿ, ತುಳಸಿಕಟ್ಟೆಯಿಂದ ನಾಲ್ಕು ಮಾರು ದೂರ ನಿಲ್ಲುತ್ತಿದ್ದ. ನೆಟ್ಟಗೆ, ಕೈ ತೊಡೆಗೆ ಒತ್ತಿಕೊಂಡು. ಬೆಳಿಗ್ಗೆ ಎದ್ದ ಕೂಡಲೇ ಅವರು ಮೊದಲು ಹೇಳುವ ಮಾತು ಏನು ಎಂದು ಕೇಳಿದೆ. ‘ಕಿಯೊತ್ಸುಕೆ’ ಎಂದ. ಎಂದ ಎಂದರೆ, ಕಿರುಚಿದ. ಆ ಸಾಧು ಮನುಷ್ಯನ ಒಳಗಿಂದ ಅಂಥ ಸದ್ದು ಬರುತ್ತದೆಂದು ಯಾರಿಗೆ ಗೊತ್ತಿತ್ತು. ಕಾಗೆಗಳು ಎದ್ದು ಹಾರಿದವು. ಅದಕ್ಕೆ ನಾವೇನು ಮಾಡಬೇಕು ಎಂದು ಕೇಳಿದೆ. ಎದ್ದು ನೆಟ್ಟಗೆ ನಿಂತುಕೊಳ್ಳಬೇಕು ಎಂದ. ಸರಿಯೇ, ಹಿರಿಯರು ಮಾತಾಡಿಸಿದರೆ ಎದ್ದು ನಿಲ್ಲುವುದು ನಮ್ಮಲ್ಲೂ ಉಂಟು ಎಂದುಕೊಂಡು, ಅದೇ ಸ್ವರದಲ್ಲಿ ಎರಡು ಸಲ ಹೇಳಿದೆ.

ಬಾ ಎನ್ನುವುದಕ್ಕೆ ಕೊಯಿ. ಕೂತುಕೋ ಎನ್ನುವುದಕ್ಕೆ ಸುವರೆ. ತಿನ್ನು ಎನ್ನುವುದಕ್ಕೆ ಕುಯೆ. ಒಂದೊಂದೂ ಕೊಡಲಿ ಏಟಿನ ಹಾಗೆ ಬೀಳುತ್ತಿತ್ತು. ಆ ದೇಶದವರು ಹೀಗೇ ಮಾತಾಡುತ್ತಾರೆ, ಗಂಟಲು ಗಟ್ಟಿ ಇರಬೇಕು ಎಂದುಕೊಂಡೆ. ರುಬ್ಬುವಾಗ, ಬಾವಿಯಲ್ಲಿ ನೀರು ಸೇದುವಾಗ ಹೇಳಿಕೊಳ್ಳುತ್ತಿದ್ದೆ. ಪಕ್ಕದ ಮನೆಯ ಜಾನಕಮ್ಮ ಗೋಡೆಯ ಮೇಲಿಂದ ಬಗ್ಗಿ, ಏನ್ರೀ ಕನಕಲಕ್ಷ್ಮಮ್ಮ, ಪಾಪ ಸ್ವಾಮಿಗಳನ್ನ ಇವತ್ತು ಹೊಡೆದೇಬಿಟ್ರಾ ಎಂದಳು. ಸೊಸೆಯನ್ನು ಕರೆಯುವುದಕ್ಕೆ ಅಭ್ಯಾಸ ಮಾಡುತ್ತಿದ್ದೇನೆ ಎಂದೆ. ಹಾಗೆ ಕರೆದರೆ ಬಂದ ಹಾಗೇ ಆಯಿತು ಎಂದು ನಕ್ಕು ಇಳಿದಳು.

ನಮ್ಮವರು ಒಂದು ದಿನ ಪಾಠ ಮುಗಿದ ಮೇಲೆ, ಕನಕಾ, ಅವನು ಯಾಕೆ ಕೂರುವುದಿಲ್ಲ ಎಂದು ಕೇಳಿದರು. ನಮ್ಮೆದುರಿಗೆ ಅವನು ಹೇಗೆ ಕೂತಾನು, ಮರ್ಯಾದೆ ಗೊತ್ತಿರುವವನು ಎಂದೆ.

ಇನ್ನೊಂದು ದಿನ ನಾನೇ ಕೇಳಿದೆ. ತಪ್ಪಾಯಿತು, ಕ್ಷಮಿಸು ಎನ್ನುವುದಕ್ಕೆ ಏನು ಹೇಳುತ್ತಾರೆ? ನನಗೆ ಎಲ್ಲಕ್ಕಿಂತ ಬೇಕಾದ ಮಾತು ಅದೇ. ನಂಜಪ್ಪ ಬಹಳ ಹೊತ್ತು ಯೋಚಿಸಿದ. ತಲೆ ಕೆರೆದುಕೊಂಡ. ನಿಜವಾಗಿ ಹುಡುಕುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು.

“ಅಂಥ ಮಾತು ಅಲ್ಲಿ ಯಾರೂ ಆಡ್ಲಿಲ್ಲ ಅಮ್ಮಾವ್ರೆ.”

ಮರೆತಿದ್ದೀಯ, ಮನೆಗೆ ಹೋಗಿ ನೆನಪು ಮಾಡಿಕೊಂಡು ಬಾ ಎಂದು ಗದರಿಸಿ ಕಳಿಸಿದೆ. ಹೂಂ ಎಂದು ಹೋದ. ಹೋಗುವಾಗ ಬಾವಿಕಟ್ಟೆಯ ಹತ್ತಿರ ನಿಂತು ಬಹಳ ಹೊತ್ತು ಮುಖ ತೊಳೆದುಕೊಂಡ. ಪ್ರತಿ ಗುರುವಾರವೂ ಹಾಗೇ ತೊಳೆದುಕೊಳ್ಳುತ್ತಿದ್ದ.

ಜನವರಿಯ ಕೊನೆಯಲ್ಲಿ ಅವನ ಹೆಂಡತಿ ಶಿವಗಂಗಮ್ಮ ಒಬ್ಬಳೇ ಬಂದಳು. ಜಾವಗಲ್ಲಿನಿಂದ ಬಸ್ಸಿನಲ್ಲಿ ಬಂದು, ಹಿತ್ತಲ ಬಾಗಿಲಲ್ಲಿ ನಿಂತುಕೊಂಡು, ಸೆರಗನ್ನು ಬೆರಳಿಗೆ ಸುತ್ತುತ್ತ ಹೇಳಿದಳು.

“ಬೇಸ್ತವಾರ ಬಂತು ಅಂದ್ರೆ ಅವ್ರು ಅನ್ನ ಮುಟ್ಟಾಕಿಲ್ಲ ಅಮ್ಮಾವ್ರೆ. ಯಾಕೆ ಅಂದ್ರೆ ಹೇಳಾಕಿಲ್ಲ. ಹದಿನೈದು ವರ್ಸ ಆಯ್ತು, ಅಲ್ಲೇನಾಯ್ತು ಅಂತ ನಂಗೂ ಹೇಳಿಲ್ಲ. ಆ ಪಾಠ ಸಾಕು ಮಾಡಿ.”

ಅವಳಿಗೆ ಮಜ್ಜಿಗೆ ಕೊಟ್ಟೆ. ಇನ್ನು ಎರಡೇ ವಾರ ಶಿವಗಂಗಿ, ಸೊಸೆ ಬಂದು ಹೋಗಲಿ, ಆಮೇಲೆ ಬಿಟ್ಟುಬಿಡುತ್ತೇನೆ ಎಂದೆ. ಅವಳು ಮಜ್ಜಿಗೆ ಕುಡಿಯದೆ ಲೋಟ ಅಲ್ಲೇ ಇಟ್ಟು ಹೋದಳು. ನನಗೆ ಆಗ ಗೊತ್ತಾಗಬೇಕಿತ್ತು. ಅರ್ಧ ಗೊತ್ತಾಗಿಯೂ ಇತ್ತು. ಆದರೆ ನನ್ನ ಮಗ ನನ್ನ ಮನೆಯೊಳಗೆ ಬಂದು ಎರಡು ತುತ್ತು ಉಣ್ಣಬೇಕು ಎನ್ನುವ ಆಸೆ ಎಷ್ಟು ದೊಡ್ಡದಾಗಿತ್ತೆಂದರೆ, ಬೇರೆಯವರ ಅನ್ನ ನನ್ನ ಕಣ್ಣಿಗೆ ಕಾಣಲಿಲ್ಲ.

ಅವರು ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ. ಹಿಂದಿನ ದಿನವೇ ಅರಸೀಕೆರೆಯಲ್ಲಿ ರೈಲು ಇಳಿದು, ಬಂಗಲೆಗೆ ಬಂದಿದ್ದರು. ನಾನು ನಾಲ್ಕು ಗಂಟೆಗೇ ಎದ್ದು ಮಡಿಯುಟ್ಟು, ಪುಳಿಯೋಗರೆ, ಕ್ಷೀರಾನ್ನ, ವರದನಿಗೆ ಇಷ್ಟವಾದ ಬದನೆಕಾಯಿ ಗೊಜ್ಜು ಎಲ್ಲ ಮಾಡಿಟ್ಟಿದ್ದೆ. ನಂಜಪ್ಪನನ್ನೂ ಕರೆಸಿದ್ದೆ. ಎಲ್ಲಾದರೂ ಮರೆತರೆ ಎತ್ತಿಕೊಡಲು ಹೇಳಿಕೊಟ್ಟವನು ಹತ್ತಿರ ಇರಬೇಕಲ್ಲ. ಅವನು ಎಂದಿನಂತೆ ಅಂಗಳದ ಮೂಲೆಯಲ್ಲಿ ನಿಂತಿದ್ದ.

ಜಟಕಾ ನಿಂತಿತು. ವರದ ಮೊದಲು ಇಳಿದ. ನಾಲ್ಕು ವರ್ಷಕ್ಕೆ ಮುಖ ಅಗಲವಾಗಿತ್ತು, ಕನ್ನಡಕ ಬಂದಿತ್ತು. ಅವನ ಹಿಂದೆ ಆ ಹುಡುಗಿ. ಎಲ್ಲಿಂದಲೋ ಒಂದು ಹಸಿರು ಸೀರೆ ಸಂಪಾದಿಸಿ ಉಟ್ಟಿದ್ದಳು, ನೆರಿಗೆ ಒಂದು ಪಕ್ಕಕ್ಕೆ ಜಾರಿತ್ತು. ಪುಟ್ಟ ಮುಖ. ಪಡಸಾಲೆಯ ಬಾಗಿಲವರೆಗೆ ನಾನು ಹಾಕಿದ್ದ ರಂಗೋಲಿಯ ಅಂಚಿಗೆ ಬಂದು ನಿಂತು, ಚಪ್ಪಲಿ ಬಿಟ್ಟು, ಕೈ ಮುಗಿದಳು. ಒಂದು ಹೆಜ್ಜೆ ಮುಂದೆ ಇಡಲಿಲ್ಲ. ಕಣ್ಣು ನನ್ನ ಹೊಸಲಿನ ಮೇಲಿತ್ತು, ಎಲ್ಲಿ ಅಪ್ಪಿತಪ್ಪಿ ತುಳಿದುಬಿಡುತ್ತೇನೋ ಎಂದು ಅಳೆಯುವವರ ಹಾಗೆ.

ನಾನು ಹೊಸಲಿನ ಮೇಲೆ ನಿಂತು ಉಸಿರು ಎಳೆದುಕೊಂಡೆ. ನಾಲ್ಕು ತಿಂಗಳ ಪಾಠ. ಒಂದು ಸ್ವರ ತಪ್ಪಲಿಲ್ಲ.

“ಕಿಯೊತ್ಸುಕೆ! ಕೊಯಿ! ಸುವರೆ! ಕುಯೆ!”

ಹುಡುಗಿಯ ಮುಗಿದ ಕೈ ಎರಡೂ ಪಕ್ಕಕ್ಕೆ ಬಿದ್ದು ತೊಡೆಗೆ ಅಂಟಿಕೊಂಡವು. ಹಿಮ್ಮಡಿ ಕೂಡಿದವು. ಗದ್ದ ಮೇಲೆದ್ದಿತು. ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ನಗು ಬರುತ್ತದೆಂದು ಕಾದಿದ್ದೆ. ಕಣ್ಣೀರಾದರೂ ಬಂದೀತು ಎಂದುಕೊಂಡಿದ್ದೆ. ಅವಳು ಕಂಬವಾಗಿ ನಿಂತುಬಿಟ್ಟಳು.

“ಅಮ್ಮ,” ಎಂದ ವರದ. “ಇನ್ನೂ ಕೋಪ ಹೋಗಿಲ್ವಾ ನಿನಗೆ? ಇದನ್ನ ಯಾರು ಹೇಳಿಕೊಟ್ಟರು?”

ನಂಜಪ್ಪ ಎಂದು ಕೈ ತೋರಿಸಿದೆ. ಎಲ್ಲರೂ ಅತ್ತ ತಿರುಗಿದೆವು. ಅಂಗಳದ ಮೂಲೆಯಲ್ಲಿ ನಂಜಪ್ಪನೂ ಹಾಗೇ ನಿಂತಿದ್ದ. ಅದೇ ಹಿಮ್ಮಡಿ, ಅದೇ ಗದ್ದ, ತೊಡೆಗೆ ಒತ್ತಿದ ಅದೇ ಕೈ. ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ವರದ ಹೆಸರು ಹಿಡಿದು ಕರೆದರೂ ತಿರುಗಲಿಲ್ಲ. ನಾಲ್ಕು ತಿಂಗಳು ನಾನು ಮರ್ಯಾದೆ ಎಂದುಕೊಂಡದ್ದು ಏನೆಂದು ಆಗ ನನಗೆ ಕಂಡಿತು. ಎಂಥ ಕುರುಡಿ ನಾನು.

ಹುಡುಗಿ ಅವನನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳ ಕೈ ಸಡಿಲವಾಯಿತು. ಬರಿಗಾಲಿನಲ್ಲೇ ಅಂಗಳ ದಾಟಿ ಅವನ ಎದುರಿಗೆ ಹೋಗಿ ನಿಂತಳು. ಅವನು ಅವಳಿಗಿಂತ ಒಂದು ಮೊಳ ಎತ್ತರ. ಅವಳು ಮೆಲ್ಲಗೆ, ಜ್ವರ ಬಂದ ಮಗುವಿಗೆ ಹೇಳುವ ಹಾಗೆ, ಒಂದೇ ಮಾತು ಹೇಳಿದಳು.

“ಯಸುಮೆ.”

ನಂಜಪ್ಪನ ಭುಜ ಇಳಿಯಿತು. ಉಸಿರು ಬಿಟ್ಟ. ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದ. ತಲೆಯ ಟವೆಲು ಮುಖಕ್ಕೆ ಒತ್ತಿಕೊಂಡ. ಆ ಹುಡುಗಿ ಹೊಸ ಸೀರೆಯಲ್ಲಿ ಅವನ ಪಕ್ಕ ಮಣ್ಣಿನಲ್ಲೇ ಕೂತಳು.

ವರದ ನನಗೆ ಹೇಳಿದ. ನಾನು ಕಲಿತದ್ದು ಸೆರೆಯಾಳುಗಳನ್ನು ಕಾಯುವವರ ಮಾತು. ಮನೆಗಳಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ, ನಾಯಿಗೂ ಆ ಸ್ವರದಲ್ಲಿ ಅನ್ನ ಹಾಕುವುದಿಲ್ಲ. ಯುದ್ಧದ ಕಾಲದಲ್ಲಿ ಸಚಿಕೊಳ ಶಾಲೆಯಲ್ಲೂ ದಿನಾ ಬೆಳಿಗ್ಗೆ ಎಂಟೊಂಬತ್ತು ವರ್ಷದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಗೆ ಕೂಗುತ್ತಿದ್ದರಂತೆ. ಅಲ್ಲಾಡಿದರೆ ಕೆನ್ನೆಗೆ ಬೀಳುತ್ತಿತ್ತಂತೆ. ಯಸುಮೆ ಎಂದರೆ ಸಾಕು, ಇನ್ನು ದಣಿವಾರಿಸಿಕೊಳ್ಳಿ ಎಂದು ಅರ್ಥ. ಆ ಒಂದು ಮಾತು ಯಾವಾಗ ಬರುತ್ತದೋ ಎಂದು ಮಕ್ಕಳು ಕಾಯುತ್ತ ನಿಲ್ಲುತ್ತಿದ್ದರಂತೆ.

ಇದನ್ನು ಯಾಕೆ ನನಗೆ ಹೇಳಿಕೊಡಲಿಲ್ಲ ನಂಜಪ್ಪ ಎಂದೆ. ಕೇಳುವಾಗಲೇ ನನಗೆ ನಾಚಿಕೆಯಾಗುತ್ತಿತ್ತು.

ಅವನು ಟವೆಲು ತೆಗೆದ. “ನೀವು ಕೇಳ್ಲೇ ಇಲ್ಲ ಅಮ್ಮಾವ್ರೆ.”

ಹೊಸಲಿನ ಮೇಲೆ ನಾನೊಬ್ಬಳೇ ನಿಂತಿದ್ದೆ. ಇಬ್ಬರು ನನ್ನ ಮಾತಿನಿಂದ ಮಣ್ಣಿನಲ್ಲಿ ಕೂತಿದ್ದರು. ಅವರನ್ನು ಒಳಗೆ ಕರೆಯುವುದಕ್ಕೆ ನನ್ನ ಹತ್ತಿರ ಯಾವ ಭಾಷೆಯಲ್ಲೂ ಒಳ್ಳೆಯ ಮಾತು ಉಳಿದಿರಲಿಲ್ಲ. ಆದ್ದರಿಂದ ನಾನೇ ಹೊಸಲು ದಾಟಿ ಕೆಳಗೆ ಇಳಿದೆ. ಮಡಿ ಹಾಳಾಯಿತು ಎಂದು ಜಾನಕಮ್ಮ ಗೋಡೆಯ ಮೇಲಿಂದ ಎಣಿಸಿಕೊಂಡಿರಬೇಕು, ಎಣಿಸಿಕೊಳ್ಳಲಿ. ಮಂಡಿನೋವಿನವಳು ಹೇಗೋ ಅವರಿಬ್ಬರ ಎದುರಿಗೆ ನೆಲದ ಮೇಲೆ ಕೂತೆ.

ಮೊದಲು ನಂಜಪ್ಪನಿಗೆ ಹೇಳಿದೆ. “ನೀವು ಬೇಡ ಅಂದಿರಿ. ನಿಮ್ಮ ಹೆಂಡತಿ ಬಂದು ಬೇಡ ಅಂದಳು. ನಾನು ಕೇಳಲಿಲ್ಲ. ನನ್ನ ತಪ್ಪು ನಂಜಪ್ಪ.” ಅವನಿಗೆ ನೀವು ಎಂದದ್ದು ಅದೇ ಮೊದಲು. ಅವನು ಗಾಬರಿಯಾಗಿ ಏಳಲು ಹೋದ. ನಾನು ಏಳಗೊಡಲಿಲ್ಲ.

ಆಮೇಲೆ ಆ ಹುಡುಗಿಯ ಕಡೆ ತಿರುಗಿದೆ. ಅವಳ ಮುಖವನ್ನು ಹತ್ತಿರದಿಂದ ನೋಡಿದ್ದು ಆಗಲೇ. ಹುಬ್ಬಿನ ಮೇಲೆ ಸಣ್ಣ ಬೆವರು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು.

“ಆ ಕಾಗದ ಕೋಪದಲ್ಲಿ ಬರೆದೆ ಮಗು. ಬರೆದ ದಿನದಿಂದ ನನಗೆ ನೆಮ್ಮದಿಯಿಲ್ಲ. ಇವತ್ತು ಬಾ ಅನ್ನೋಕೆ ಹೋಗಿ ಇನ್ನೂ ದೊಡ್ಡ ತಪ್ಪು ಮಾಡಿದೆ.” ಕನ್ನಡದಲ್ಲೇ ಹೇಳಿದೆ. ವರದ ಅದನ್ನು ಅವಳಿಗೆ ತಿಳಿಸಿದ.

ಅವಳು ತಲೆ ತಗ್ಗಿಸಿ ಕೇಳಿದಳು. ಕೇಳಿ, ನನ್ನ ಬಾಗಿಲ ಕಡೆ ನೋಡಿ, ವರದನಿಗೆ ಏನೋ ಮೆಲ್ಲಗೆ ಹೇಳಿದಳು.

“ಒಳಗೆ ಬರಬಹುದಾ ಅಂತ ಕೇಳ್ತಿದಾಳೆ ಅಮ್ಮ.”

ಅಯ್ಯೋ ನನ್ನ ಕರ್ಮವೇ, ಅಷ್ಟೆಲ್ಲ ಕೇಳಿಸಿಕೊಂಡ ಮೇಲೂ ಅವಳು ಒಪ್ಪಿಗೆ ಕೇಳುತ್ತಿದ್ದಾಳೆ. ಅವಳ ಕೈ ಹಿಡಿದುಕೊಂಡೆ. ಅವಳ ಕೈ ಹಿಡಿದೇ ಎದ್ದೆ, ಇಲ್ಲದಿದ್ದರೆ ನನ್ನ ಮಂಡಿಗೆ ಏಳಲು ಆಗುತ್ತಲೂ ಇರಲಿಲ್ಲ. ನಂಜಪ್ಪನಿಗೆ, ಪಾಠ ಹೇಳಿದವರು ನೀವು, ಮೊದಲು ನೀವು ನಡೆಯಿರಿ ಎಂದೆ. ಅವನು ನಾವು ಒಳಗೆ ಬರಬಾರದು ಎಂದ. ಅಷ್ಟು ಹೊತ್ತು ಪಡಸಾಲೆಯಲ್ಲಿ ನಿಂತಿದ್ದ ನಮ್ಮವರು ಗೋಷ್ಠಿಯ ದನಿಯಲ್ಲಿ ಹೇಳಿದರು.

“ಬಾರಪ್ಪ ನಂಜಪ್ಪ. ಎಲೆ ಹಾಕಾಗಿದೆ. ನಿನಗೂ.”

ಅದು ಐದನೆಯ ಸಲ, ಅವರು ನನ್ನನ್ನು ಕೇಳದೆ ಒಂದು ನಿರ್ಧಾರ ಹೇಳಿದ್ದು.

ನಂಜಪ್ಪ ತಲೆ ತಗ್ಗಿಸಿಕೊಂಡು ಹೊಸಲು ದಾಟಿದ. ದಾಟಿದವನ ಕಾಲಿಗೆ ಏನೋ ತಗುಲಿ ಉರುಳಿತು. ನೋಡಿದರೆ ಹಿತ್ತಾಳೆಯ ಸೇರು. ಹೊಸ ಸೊಸೆ ಮನೆ ತುಂಬುವಾಗ ಬಲಗಾಲಿನಲ್ಲಿ ಒದೆಯಲು ಅಕ್ಕಿ ತುಂಬಿಡುತ್ತೇವಲ್ಲ, ಆ ಸೇರು. ನಾನಿಟ್ಟದ್ದಲ್ಲ. ಅವಳು ಒಳಗೆ ಬರುತ್ತಾಳೋ ಇಲ್ಲವೋ ಎಂದು ನಾನು ಒದ್ದಾಡುತ್ತಿದ್ದಾಗ, ನಮ್ಮವರು ನನಗೆ ಹೇಳದೆ ಬಾಗಿಲ ಹಿಂದೆ ತುಂಬಿಟ್ಟಿದ್ದರು. ಅಕ್ಕಿ ಪಡಸಾಲೆಯ ತುಂಬ ಚೆಲ್ಲಿತು.

ನಂಜಪ್ಪ ನೆಟ್ಟಗಾದ. ಮತ್ತೆ ಅದೇ ಗದ್ದ, ಅದೇ ಕೈ. ಹೊಡೆತ ಬೀಳುವುದನ್ನು ಕಾಯುತ್ತ ನಿಂತ. ಹುಡುಗಿ ಬಾಯಿ ತೆರೆದಳು, ಆ ಒಂದು ಮಾತನ್ನು ಮತ್ತೆ ಹೇಳಲು. ನಾನು ಅವಳ ಕೈಯನ್ನು ಮೆಲ್ಲಗೆ ಒತ್ತಿ ತಡೆದೆ. ಇದು ನನ್ನ ಮನೆ, ಹೇಳಬೇಕಾದವಳು ನಾನು.

“ಏನೂ ಆಗಿಲ್ಲ. ಕೂತ್ಕೊಳ್ಳಿ ನಂಜಪ್ಪ.”

ಹೇಳಿದ ಮೇಲೆ ನನಗೇ ಕೇಳಿಸಿತು. ಕೂತುಕೋ ಎನ್ನುವುದನ್ನು ಅವನಿಂದ ಜಪಾನಿಯಲ್ಲಿ ನಾಲ್ಕು ತಿಂಗಳು ಕಲಿತಿದ್ದೆ. ಹತ್ತು ವರ್ಷದಿಂದ ನನ್ನ ಹಿತ್ತಲಿಗೆ ಬರುತ್ತಿದ್ದವನಿಗೆ ಕನ್ನಡದಲ್ಲಿ ಒಂದು ಸಲವೂ ಹೇಳಿರಲಿಲ್ಲ.

ಅವನು ನನ್ನ ಮುಖ ನೋಡಿದ. ನಾನು ಇನ್ನೊಂದು ಸಲ ಹೇಳಿದೆ, ಇನ್ನೂ ಮೆತ್ತಗೆ. ಆಗ ಎಲೆಯ ಮುಂದೆ ಹಾಕಿದ್ದ ಮಣೆಯ ಮೇಲೆ, ಅಂಚಿನಲ್ಲಿ, ಮೆಲ್ಲಗೆ ಕೂತ.

ಸಚಿಕೊ ಇನ್ನೂ ಹೊಸಲಿನ ಆಚೆಯೇ ಇದ್ದಳು. ನಾನು ಕೈ ಬಿಟ್ಟು, ಸ್ವಲ್ಪ ತಡಿ ಮಗು ಎಂದು, ಒಳಗೆ ಹೋಗಿ ನೆಲಕ್ಕೆ ಬಗ್ಗಿದೆ. ನಮ್ಮವರು ಒಂದು ಕಡೆಯಿಂದ, ವರದ ಇನ್ನೊಂದು ಕಡೆಯಿಂದ. ಚೆಲ್ಲಿದ ಅಕ್ಕಿಯನ್ನು ಮೂವರೂ ಬೊಗಸೆಯಲ್ಲಿ ಬಾಚಿ ಬಾಚಿ ಸೇರಿಗೆ ತುಂಬಿದೆವು, ಮತ್ತೆ ಹೊಸಲ ಹತ್ತಿರ ತಂದಿಟ್ಟೆವು. ಬಲಗಾಲು ಎಂದು ವರದ ಅವಳಿಗೆ ಹೇಳಿದ. ಅವಳು ಸೀರೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಸೇರಿಗೆ ನೋವಾದೀತೇನೋ ಎನ್ನುವಷ್ಟು ಮೆಲ್ಲಗೆ ಒದ್ದಳು.